ಟರ್ಕಿಯನ್ನು ಕೋಳಿಯ ಲೆಕ್ಕದಲ್ಲಿ ಸಾಕಬೇಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿತ್ತಿಲಿಗೆ ಟರ್ಕಿ ತರುವವರು ಬಹುಮಟ್ಟಿಗೆ ನಾಟಿ ಕೋಳಿ ಸಾಕಿ ಪಳಗಿದವರೇ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಮೇವು, ಜಾಗ, ಔಷಧ ಮೂರರಲ್ಲೂ ಟರ್ಕಿಯ ದಾರಿ ಬೇರೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋದ ಮೇಲೆ ಮರಿ ತನ್ನಿ. ಶಾಖದ ಖರ್ಚು ಉಳಿಯುತ್ತದೆ. ಪಿತೃಪಕ್ಷದ ಹೊತ್ತಿಗೆ ಹಕ್ಕಿಗೆ ಆರು ತಿಂಗಳು ದಾಟಿ ಮಾಂಸಕ್ಕೆ ಬಂದಿರುತ್ತದೆ. 20 ಮರಿಗೆ ಐದು ಅಡಿ ಅಗಲದ ತಗಡಿನ ಸುತ್ತು, ಒಂದೂವರೆ ಅಡಿ ಎತ್ತರ ಸಾಕು. ಹಳೇ ಕಾಲದ 60 ವ್ಯಾಟಿನ ಎರಡು ಬಲ್ಬು ಇಳಿಬಿಡಿ (ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ). ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ನೆಲಕ್ಕೆ ಎರಡು ಇಂಚು ಭತ್ತದ ಹೊಟ್ಟು, ಮೊದಲ ನಾಲ್ಕು ದಿನ ಅದರ ಮೇಲೊಂದು ಗೋಣಿ. ನ್ಯೂಸ್‌ಪೇಪರ್ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತವೆ. ತೇವ ಕಂಡ ಕಡಲೆಕಾಯಿ ಸಿಪ್ಪೆಯಂತೂ ಬೇಡವೇ ಬೇಡ. ಅದರ ಬೂಷ್ಟು ಉಸಿರಿಗೆ ಹೋದರೆ ಮರಿ ಬಾಯ್ತೆರೆದು ಏದುಸಿರು ಬಿಡುತ್ತದೆ.

ಮೊದಲ ದಿನಗಳಲ್ಲಿ ಟರ್ಕಿ ಮರಿ ಸಾಯಲು ಹಸಿವೂ ಒಂದು ದೊಡ್ಡ ಕಾರಣ. ಮುಂದೆಯೇ ಮೇವಿದ್ದರೂ ಅದಕ್ಕೆ ಗುರುತು ಹತ್ತುವುದಿಲ್ಲ. ಪ್ರತಿ ಮರಿಯ ಕೊಕ್ಕನ್ನೂ ಒಮ್ಮೆ ನೀರಿಗೆ, ಒಮ್ಮೆ ಮೇವಿಗೆ ಅದ್ದಿ. ಮೇವಿನ ತಟ್ಟೆಯಲ್ಲಿ ನಾಲ್ಕು ಬಣ್ಣದ ಗೋಲಿ ಹಾಕಿಟ್ಟರೆ ಹೊಳಪಿಗೆ ಕುಕ್ಕುತ್ತವೆ. ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ, ಜೊತೆಗೆ ಸಣ್ಣಗೆ ಹೆಚ್ಚಿದ ದಂಟಿನ ಸೊಪ್ಪು, ಹದಿನೈದು ದಿನ ಕೊಡಿ. ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿ, ಇಲ್ಲದಿದ್ದರೆ ಮುಳುಗುತ್ತವೆ. ದಾರಿ ತೋರಿಸಲೆಂದು ಎರಡು ಕೋಳಿಮರಿ ಬಿಡುವ ರೂಢಿಯಿದೆ. ಯಂತ್ರದಲ್ಲಿ ಒಡೆದ ಮರಿಯಾದರೆ ಸರಿ, ಅಂಗಳದ ಹೇಂಟೆಯ ಹಿಂದೆ ಓಡಾಡಿದ್ದು ಬೇಡ, ಮುಂದೆ ಹೇಳುವ ಕಪ್ಪುತಲೆ ರೋಗ ತಂದೀತು.

ಮೊದಲ ತಿಂಗಳು ಮೇವಿನಲ್ಲಿ ಶೇ 28ರಷ್ಟು ಪ್ರೋಟೀನ್ ಬೇಕು. ಬ್ರಾಯ್ಲರ್ ಸ್ಟಾರ್ಟರ್‌ನಲ್ಲಿ (ಮಾಂಸದ ಕೋಳಿಮರಿಗೆ ಮೊದಲು ಕೊಡುವ ಮೇವು) ಸಿಗುವುದು 22ರ ಆಸುಪಾಸು. ಶಿಡ್ಲಘಟ್ಟದ ಕಡೆ ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ (ಗೂಡಿನೊಳಗಿನ ಹುಳು) ಇಲ್ಲಿ ಉಪಯೋಗಕ್ಕೆ ಬರುತ್ತದೆ: 10 ಕೆಜಿ ಸ್ಟಾರ್ಟರ್‌ಗೆ ಎಣ್ಣೆ ತೆಗೆದು ಒಣಗಿಸಿದ ಪ್ಯೂಪಾ ಪುಡಿ ಒಂದೂವರೆ ಕೆಜಿ. ಎಣ್ಣೆ ತೆಗೆಯದ್ದು ಬೇಗ ಕಮಟುತ್ತದೆ. ಕೊಯ್ಯುವ ಮೂರು ವಾರ ಮೊದಲೇ ಪ್ಯೂಪಾ ನಿಲ್ಲಿಸಿ, ಇಲ್ಲವಾದರೆ ಸಾರಿಗೆ ವಾಸನೆ ಬರುತ್ತದೆ. ಮೇವಿನ ಚೀಲದ ಮೇಲೆ ಸ್ಯಾಲಿನೋಮೈಸಿನ್ ಅಥವಾ ನರಾಸಿನ್ ಎಂದಿದ್ದರೆ ಮುಟ್ಟಬೇಡಿ. ಕೋಳಿಗೆ ರಕ್ತಭೇದಿ ತಡೆಯುವ ಆ ಔಷಧ ಟರ್ಕಿಗೆ ವಿಷ. ಕಾಲು ಬಿದ್ದು ಸಾಯುತ್ತವೆ.

ಎಂಟು ವಾರದ ಮೇಲೆ ಹೊರಗೆ ಬಿಡಬಹುದು, ಆದರೆ ಕೋಳಿ ಮೇದ ನೆಲಕ್ಕಲ್ಲ. ಕೋಳಿಯ ಕರುಳಿನ ಸಣ್ಣ ಹುಳುವಿನ ಮೊಟ್ಟೆಯೊಳಗೆ ಕಪ್ಪುತಲೆ ರೋಗದ ಜೀವಿ ಅಡಗಿರುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಎರೆಹುಳುವಿನ ಹೊಟ್ಟೆಯಲ್ಲೂ ಉಳಿಯುತ್ತದೆ. ಕೋಳಿ ಗಟ್ಟಿಮುಟ್ಟಾಗೇ ಇರುತ್ತದೆ. ಟರ್ಕಿ ರೆಕ್ಕೆ ಜೋತುಬಿಟ್ಟು ಗಂಧಕದಂಥ ಹಳದಿ ಹಿಕ್ಕೆ ಹಾಕುತ್ತದೆ. ಹಳದಿ ಹಿಕ್ಕೆ ಕಂಡ ದಿನವೇ ಆ ಹಕ್ಕಿಯನ್ನು ಬೇರೆ ಮಾಡಿ ಪಶುವೈದ್ಯರಿಗೆ ತೋರಿಸಿ. ಜಂತಿನ ಔಷಧ, ಕೊಕ್ಕರೆ ರೋಗ (ರಾಣಿಖೇತ್) ಮತ್ತು ಸಿಡುಬಿನ ಲಸಿಕೆಗಳ ದಿನಾಂಕವನ್ನೂ ಅವರ ಹತ್ತಿರವೇ ಬರೆಸಿಕೊಳ್ಳಿ.

ಹಿಪ್ಪುನೇರಳೆ ಸೊಪ್ಪನ್ನು ಬಿಟ್ಟೂ ಬಿಡದೆ ತಿನ್ನುತ್ತವೆ. ತೋಟದಿಂದ ನೇರ ತಂದು ಹಾಕಿ; ರೇಷ್ಮೆ ಹುಳುಮನೆಯ ತಟ್ಟೆಯಲ್ಲಿ ಉಳಿದದ್ದರಲ್ಲಿ ಸುಣ್ಣ, ಸೋಂಕುನಿವಾರಕ ಪುಡಿ ಬೆರೆತಿರುತ್ತದೆ. ಟೊಮ್ಯಾಟೊ ಕಿತ್ತ ಹೊಲಕ್ಕೆ ಬಿಡುವ ಮುನ್ನ ಗಿಡ ಕಟ್ಟಿದ ನೈಲಾನ್ ದಾರ, ಮಲ್ಚಿಂಗ್ ಹಾಳೆಯ ಚೂರು ಆರಿಸಿ. ಹೊಳೆಯುವುದು, ಅಲ್ಲಾಡುವುದು ಏನಿದ್ದರೂ ನುಂಗುತ್ತವೆ. ಬೆಳಿಗ್ಗೆ ಮೇವಿಗೆ ಮುಂಚೆ ಗಂಟಲಚೀಲ ಮುಟ್ಟಿ ನೋಡಿ. ರಾತ್ರಿಯೆಲ್ಲ ಕಳೆದರೂ ಗಟ್ಟಿ ಉಂಡೆ ಸಿಕ್ಕರೆ ಒಳಗೆ ದಾರ ಸುತ್ತಿರಬಹುದು. ರಾತ್ರಿ ಹಕ್ಕಿಗೆ ನಾಲ್ಕು ಚದರಡಿ ಜಾಗದ, ನಾಯಿ ನುಗ್ಗದ ಗೂಡು ಬೇಕು.

ಸುಮಾರು 30 ವಾರಕ್ಕೆ ಮೊಟ್ಟೆ ಶುರು. ಐದು ಹೇಂಟೆಗೆ ಒಂದು ಹುಂಜ. ವರ್ಷಕ್ಕೆ 60ರಿಂದ 100 ಮೊಟ್ಟೆ, ಒಂದೊಂದು 80 ಗ್ರಾಂ ತೂಗುತ್ತದೆ. ಹೆಚ್ಚಿನವು ಮಧ್ಯಾಹ್ನ ಇಡುತ್ತವೆ, ಸಂಜೆ ತಪ್ಪದೆ ಹುಡುಕಿ. ಮರಿಗೆ ಇಡುವುದನ್ನು ಚೂಪು ತುದಿ ಕೆಳಗೆ ಮಾಡಿ ತಂಪಲ್ಲಿಡಿ, ಏಳು ದಿನ ಮೀರಬೇಡಿ. ಕಾವಿಗೆ 28 ದಿನ. ತಿನ್ನುವುದಾದರೆ, ಕೋಳಿಮೊಟ್ಟೆ ಮೂರು ಹಾಕುವ ಕಡೆ ಇದು ಎರಡು. ಬೇಯಲು ಹದಿನೈದು ನಿಮಿಷ. ಸಿಪ್ಪೆ ಗಟ್ಟಿ, ಒಳಪೊರೆಯಂತೂ ಇನ್ನೂ ಬಿಗಿ; ಪಾತ್ರೆಯಂಚಿಗೆ ಕುಟ್ಟದೆ ಚಾಕುವಿನಿಂದ ಒಡೆಯಿರಿ.

ಕೊಯ್ಯುವ ಹಿಂದಿನ ರಾತ್ರಿ ನೀರು ಮಾತ್ರ ಕೊಡಿ. ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 60 ಡಿಗ್ರಿಯ ಹತ್ತಿರ ಬರುತ್ತದೆ. ಅದರಲ್ಲಿ ಒಂದು ನಿಮಿಷ ಅದ್ದಿದರೆ ಪುಕ್ಕ ಸಲೀಸಾಗಿ ಬರುತ್ತದೆ. ತೊಡೆಯ ಕೆಳಗಿನ ಕಾಲಿನಲ್ಲಿ ಬೆಂದರೂ ಮೆತ್ತಗಾಗದ ಎಲುಬಿನಂಥ ನರಗಳಿವೆ. ಪಾದದ ಕೀಲಿನ ಮೇಲೆ ಚರ್ಮ ಸೀಳಿ ಇಕ್ಕಳದಿಂದ ಒಂದೊಂದಾಗಿ ಎಳೆದು ತೆಗೆಯಿರಿ. ಕೊಯ್ದ ತಕ್ಷಣ ಒಲೆಗೇರಿಸಿದರೆ ರಬ್ಬರು. ಸ್ವಚ್ಛ ಮಾಡಿ ಹನ್ನೆರಡು ಗಂಟೆ ಐಸಿನಲ್ಲೋ ಫ್ರಿಜ್ಜಿನಲ್ಲೋ ಇಡಲೇಬೇಕು. ಕಾಲು, ಕತ್ತು, ಕಲ್ಲೀಜ ಮುದ್ದೆ ಸಾರಿಗೆ, ಕುಕ್ಕರಿನಲ್ಲಿ ಆರೇಳು ಕೂಗು. ಎದೆಮಾಂಸದಲ್ಲಿ ಜಿಡ್ಡು ಕಡಿಮೆ, ಅಷ್ಟು ಕೂಗಿಸಿದರೆ ನಾರು ನಾರಾಗುತ್ತದೆ. ಅದನ್ನು ತುಂಡು ಮಾಡಿ ಮೊಸರು, ಉಪ್ಪಿನಲ್ಲಿ ನೆನೆಸಿಟ್ಟು, ಬಾಣಲೆಯಲ್ಲಿ ಮೆಣಸು, ಕರಿಬೇವು ಹಾಕಿ ಮುಚ್ಚಿ ಬೇಯಿಸಿ, ಒಳಗಿನ ಕೆಂಪು ಹೋದ ಕೂಡಲೇ ಇಳಿಸಿ.