ಬ್ಯಾಟರಿ ತೊಗೊಳ್ಳೂ ಮುಂದ ಮೊದಲ ಸೆಲ್ ಕೇಳ್ರಿ

ನಮ್ಮ ಜಮಖಂಡಿ ಕಡೆ ಕಬ್ಬಿಗೆ ನೀರ ಬಿಡೂದು ಅಂದ್ರ ತ್ರೀ ಫೇಸ್ ಕರೆಂಟ್ ಬಂದಾಗ, ರಾತ್ರಿ ಎರಡಕ್ಕ ಬಂದ್ರ ಎರಡಕ್ಕ ಎದ್ದು ಹೋಗಬೇಕು, ಕೈಯಾಗ ಬ್ಯಾಟರಿ (ಟಾರ್ಚ್) ಇಲ್ದ ಬದುವಿನ ಮ್ಯಾಲ ಕಾಲ ಇಡಂಗಿಲ್ಲ, ಕೊಳಕಮಂಡಲ ಹಾವಿನ ಅಂಜಿಕಿ. ಅದಕ್ಕ ಹೇಳ್ತೀನಿ, ಅಂಗಡ್ಯಾಗ ಬೆಳಕ ಎಷ್ಟ ಅಂತ ಆಮ್ಯಾಲ ಕೇಳ್ರಿ, ಮೊದಲ ಯಾವ ಸೆಲ್ ಹಾಕ್ತಾರ ಕೇಳ್ರಿ.

ಊರಾಗಿನ ಕಿರಾಣಿ ಅಂಗಡ್ಯಾಗ ಯಾವಾಗ್ಲೂ ಸಿಗೂದು ಗ್ವಾಡಿ ಗಡಿಯಾರಕ್ಕ ಹಾಕೂ ಡಬಲ್ ಎ, ಮತ್ತ ರಿಮೋಟಿನ ಸಣ್ಣ ಟ್ರಿಪಲ್ ಎ. ನಾನಂತೂ ಡಬಲ್ ಎ ಎರಡ ಸೆಲ್ಲಿಂದನ ತೊಗೊಳ್ರಿ ಅಂತೀನಿ. ಚಾರ್ಜ್ ಮಾಡೂ ಸೆಲ್ ಪ್ಯಾಕೆಟ್ ನೋಡ್ರಿ, ಡಬಲ್ ಎ ಮ್ಯಾಲ 2000 ಎಂಎಎಚ್ (ಸೆಲ್ಲಿನ್ಯಾಗ ಎಷ್ಟ ಕರೆಂಟ್ ಹಿಡಿತೈತಿ ಅನ್ನೂ ಅಳತಿ) ಅಂತ ಇರತೈತಿ, ಟ್ರಿಪಲ್ ಎ ಮ್ಯಾಲ ಬರೇ 800, ಅಂದ್ರ ಅರ್ಧನೂ ಇಲ್ಲ. ಆದ್ರ ಡಬಲ್ ಎದಾಗೂ ಗಡಿಯಾರಕ್ಕ ಹಾಕೂ ಅಗ್ಗದ ಸೆಲ್ ಜೋರ ಬೆಳಕಿಗೆ ತಾಳೂದಿಲ್ಲ, ಮ್ಯಾಲ ಆಲ್ಕಲೈನ್ ಅಂತ ಬರದಿದ್ದ ಸೆಲ್ ಕೇಳಿ ತರ್ರಿ, ದಿನಾ ಬಳಸೋರು ಚಾರ್ಜ್ ಸೆಲ್ ತರ್ರಿ, ಅವು 1.2 ವೋಲ್ಟ್ ಅಂತ ಸ್ವಲ್ಪ ಕಡಿಮಿ ಇದ್ರೂ ಕಡೀತನಕ ಒಂದ ಹದಕ್ಕ ಕೊಡ್ತಾವ.

ಡಬ್ಬಿ ಮ್ಯಾಲ ಸಾವಿರಗಟ್ಲೆ ಲುಮೆನ್ (ಬೆಳಕಿನ ಅಳತಿ) ಅಂತ ಬರದಿರ್ತಾರಲ್ಲ, ಎರಡ ಸೆಲ್ಲಿಗೆ ಅದು ಆಗೂ ಮಾತಲ್ಲ, ನಂಬಬ್ಯಾಡ್ರಿ. ಮನಿಗೆ 100 ಸಾಕು, ಹೊಲಕ್ಕ 200 ರಿಂದ 300 ಇದ್ರ ಬೇಕಾದಷ್ಟಾತು. ಆದ್ರ ಕಡಿಮಿ ಬೆಳಕಿನ ಮೋಡ್ ಇರಲೇಬೇಕು, ನಡಿಯೂ ಮುಂದ ಕಡಿಮಿ ಇಟ್ಕೊಂಡು ಸಪ್ಪಳ ಬಂದಾಗ ಜೋರ ಹಚ್ಚಿದ್ರ ಸೆಲ್ ಭಾಳ ದಿನ ಬರ್ತಾವ. ಅಂಗಡ್ಯಾಗ ಗ್ವಾಡಿಗೆ ಹಿಡದು ನೋಡ್ರಿ, ನಟ್ಟನಡುವ ಒಂದ ಚುಕ್ಕಿ ಅಷ್ಟ ಬಿದ್ದು ಸುತ್ತ ಕತ್ತಲಿದ್ರ ದೂರದ ಮೋಟರ್ ಮನಿ ಕಾಣತೈತಿ, ಕಾಲ ಕೆಳಗಿಂದು ಕಾಣೂದಿಲ್ಲ, ಸುತ್ತಲೂ ಹರಡೂದು ಬೇಕು. ನೀಲಿ ಹೊಡಿಯೂ ಬಿಳಿ ಬೆಳಕಿನ್ಯಾಗ ಮಣ್ಣು, ರವದಿ, ಹಾವು ಎಲ್ಲಾ ಒಂದ ಬಣ್ಣ ಆಗಿ ಕಾಣತೈತಿ, ಸ್ವಲ್ಪ ಹಳದಿ ಇದ್ದದ್ದು ನನ್ನ ಕಣ್ಣಿಗೆ ಚಲೋ.

ಹ್ವಾದ ವರ್ಷ ಮಳಿಗಾಲದಾಗ ನಮ್ಮನಿಯವ್ರು ಬದು ಮ್ಯಾಲ ನಿಂತಾಗನ ಬ್ಯಾಟರಿ ಆರಿತು, ಕತ್ತಲದಾಗ ಹೆಂಗ ಮನಿ ಮುಟ್ಟಿದ್ರೋ, ನನ್ನ ಜೀವ ಕೈಯಾಗ ಬಂದಿತ್ತು. ಮುಂಜಾನೆ ಬಿಚ್ಚಿ ನೋಡಿದ್ರ ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗಿಗೆ ಉಪ್ಪಿನಂಥಾ ಬಿಳಿ ಪುಡಿ ಹತ್ತಿತ್ತು, ಹಳೇದೊಂದು ಹೊಸಾದೊಂದು ಕೂಡಿ ಹಾಕಿದ್ದ ತಪ್ಪು ನೋಡ್ರಿ ಅದು. ಅದನ್ನ ಬರಿಗೈಲೆ ಮುಟ್ಟಬಾರ್ದು, ಕಡ್ಡಿಗೆ ಅಳ್ಳಿ ಸುತ್ತಿ ಲಿಂಬಿ ರಸದಾಗ ಅದ್ದಿ ತಿಕ್ಕಿದ್ರ ಬುಸುಬುಸು ನೊರಿ ಬಂದು ಬಿಡತೈತಿ, ಆಮ್ಯಾಲ ಒದ್ದಿ ಬಟ್ಟಿಲೆ ಒರಸಿ ಪೂರ್ತಿ ಒಣಗಿಸಿ ಹೊಸ ಸೆಲ್ ಎರಡೂ ಕೂಡೇ ಹಾಕ್ರಿ. ಈಗ ವಾರಗಟ್ಲೆ ಬಳಸದಿದ್ರ ನಾನು ಸೆಲ್ ತಗದ ಇಡ್ತೀನಿ, ರಬ್ಬರ್ ಹಾಕಿ ಬ್ಯಾಟರಿಗೇ ಕಟ್ಟಿ ಬಾಗಲ ಹಿಂದಿನ ಮೊಳಿಗೆ ತೂಗಹಾಕಿ.