ಮುಂಗಾರಿಗೆ ಬಿಟ್ಟು ಹದಮಾಡಿದ ಸಿಮೆಂಟ್ ಕಲ್ಲು: ಉಪ್ಪುನೀರಿನ ಟ್ಯಾಂಕಿನಲ್ಲಿ ನನ್ನ ಅನುಭವ

ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಮನೆಯಲ್ಲೇ ಎರಕ ಹೊಯ್ದ ಸಿಮೆಂಟಿನ ಕಲ್ಲು ಹಾಕಿದರೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಇಳಿಯುವ ಮಾತೇ ಇಲ್ಲ, ಸೀಗಡಿ ಉಳಿಯದು, ಕಲ್ಲೂ ನಾಲ್ಕು ದಿನಕ್ಕೆ ಪುಡಿಯಾಗುತ್ತದೆ ಎಂದು ಬೆಂಗಳೂರು, ಮಂಗಳೂರಿನ ಹವ್ಯಾಸಿಗಳು ಹೇಳಿದ್ದೇ ಹೇಳಿದ್ದು. ಮಡಿಕೇರಿಯ ನನ್ನ ಟ್ಯಾಂಕ್ 4×2×2 ಅಡಿಯದು. ಕಲ್ಲು, ಮರಳು ಕಳೆದರೆ 370 ಲೀಟರ್ ಆಸುಪಾಸು ನೀರು. ಪಿಎಚ್ ಸಂಜೆಗೆ 8.3, ಬೆಳಗಿನ ಜಾವ 8ರ ಹತ್ತಿರ. ಸೀಗಡಿ ಕ್ರಮವಾಗಿ ಪೊರೆ ಬಿಡುತ್ತಿದೆ. ಈಗ ಧೈರ್ಯವಾಗಿ ಬರೆಯಬಹುದು.

ಅಂಗಡಿಯಲ್ಲಿ ಸಿಗುವ ಒಣ ಟ್ಯಾಂಕ್ ಕಲ್ಲು, ಅಂದರೆ ಡ್ರೈ ರಾಕ್, ಕೊಳ್ಳಬಹುದಿತ್ತು. ಕೆಜಿಗೆ ಐನೂರರ ಮೇಲೆ ಹೇಳುತ್ತಿದ್ದರು, ಸಾಗಾಟ ಬೇರೆ. 22 ಕೆಜಿಗೆ ಹನ್ನೆರಡು ಸಾವಿರ ಹೋಗುತ್ತಿತ್ತು, ಬರುವ ಆಕಾರ ಮಾತ್ರ ಅವರ ಇಷ್ಟದ್ದು. ಸಮುದ್ರದಿಂದ ಎತ್ತಿದ ಲೈವ್ ರಾಕ್ (ಜೀವಿಗಳು ನೆಲೆಸಿದ ಹವಳದ ಕಲ್ಲು) ಬೇಡವೇ ಬೇಡ. ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಸತ್ತ ತುಂಡೂ ಕೇಸಿಗೆ ಸಾಕು. ನಮ್ಮ ಹೊಳೆಯ ಗುಂಡುಕಲ್ಲಿನಲ್ಲಿ ಬ್ಯಾಕ್ಟೀರಿಯಾ ನೆಲೆಸಲು ರಂಧ್ರವಿಲ್ಲ, ಬರೀ ಭಾರ. ಕೆಂಪುಕಲ್ಲನ್ನು ಬಕೆಟ್ಟಿನ ಉಪ್ಪುನೀರಿಗೆ ಹಾಕಿ ಸಣ್ಣ ಪಂಪ್ ಓಡಿಸಿ ನೋಡಿದೆ. ರಂಧ್ರವೇನೋ ಬೇಕಾದಷ್ಟಿದೆ. ಆದರೆ ಅಂಚು ಸವೆದು ಕೆಸರು ಬಿಡುತ್ತಲೇ ಇರುತ್ತದೆ, ಮೈಯೆಲ್ಲ ಕಬ್ಬಿಣ ಬೇರೆ. ಅದು ಮನೆಯ ಗೋಡೆಗೇ ಸರಿ. ನನ್ನ ಖರ್ಚು ಸಿಮೆಂಟು, ಚಿಪ್ಪು, ರಾಡು, ಅಂಟು ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಅದರಲ್ಲಿ ಅರ್ಧ ಅಂಟಿನದೇ.

ಅಳತೆ ಡಬ್ಬದ ಲೆಕ್ಕದಲ್ಲಿ: ಒಂದು ಬಿಳಿ ಸಿಮೆಂಟು, ಮೂರು ಚಿಪ್ಪಿನ ನುಚ್ಚು, ಒಂದೂವರೆ ಕಲ್ಲುಪ್ಪು. ಬಿಳಿ ಪೋರ್ಟ್‌ಲ್ಯಾಂಡ್ ಸಿಮೆಂಟೇ ಆಗಬೇಕು. ವಾಲ್ ಪುಟ್ಟಿಯಲ್ಲಿ ಪಾಲಿಮರ್ ಇರುತ್ತದೆ. ಚಿಪ್ಪು ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಮೂಳೆಪುಡಿ ಬೆರೆತ ಮಾಲು ತಂದರೆ ಫಾಸ್ಫೇಟ್ ತಂದಂತೆಯೇ. ಚಿಪ್ಪನ್ನು ತೊಳೆದು ಸಿಮೆಂಟಿನೊಂದಿಗೆ ಮೊದಲು ಕಲಸಿ, ಉಪ್ಪನ್ನು ಕೊನೆಗೆ ಸೇರಿಸಬೇಕು. ಮೊದಲೇ ಹಾಕಿದರೆ ಕರಗಿಹೋಗುತ್ತದೆ, ರಂಧ್ರವೇ ಆಗುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಉಪ್ಪು ಎರಡು ಡಬ್ಬಕ್ಕೆ ಏರಿದರೆ ಕಲ್ಲು ರಸ್ಕಿನ ಹಾಗೆ ಮುರಿಯುತ್ತದೆ. ಒದ್ದೆ ಮರಳು ತುಂಬಿದ ಕ್ರೇಟಿನಲ್ಲಿ ಗುಂಡಿ ತೋಡಿ ಅಚ್ಚು. ಗುಹೆ ಬೇಕಾದ ಕಡೆ ಮರಳಿನ ದಿಬ್ಬ. ಎರಡು ಇಂಚಿಗಿಂತ ದಪ್ಪ ಹಾಕಿದರೆ ಒಳಗಿನ ಉಪ್ಪು, ಸುಣ್ಣ ಹೊರಬರಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ದೊಡ್ಡ ಬಂಡೆ ಎರಕ ಹೊಯ್ಯಬೇಡಿ, ಹಲಗೆಯಂಥ ತುಂಡುಗಳನ್ನು ಮಾಡಿ ಆಮೇಲೆ ಜೋಡಿಸಿ. ಸುಣ್ಣದ ಬಿಳುಪು ಹೋಗಿ ಹವಳದಿಬ್ಬದ ಬಣ್ಣ ಬರಲು ಕಲಸುವಾಗ ನಾನೊಂದು ವಸ್ತು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಕ ಮೇ ತಿಂಗಳಲ್ಲಿ. ಒಂದು ವಾರ ಒದ್ದೆ ಗೋಣಿ, ಮೇಲೆ ಪ್ಲಾಸ್ಟಿಕ್; ಅದಕ್ಕೆ ಮೊದಲೇ ಮಳೆಗೆ ಬಿದ್ದರೆ ಮೇಲಿನ ಪದರವೇ ತೊಳೆದುಹೋಗುತ್ತದೆ. ಆಮೇಲೆ ತೂತಿನ ಕ್ರೇಟುಗಳಲ್ಲಿ, ಅಡಿಗೆ ಇಟ್ಟಿಗೆ ಕೊಟ್ಟು, ಅಂಗಳದಲ್ಲಿ. ಎಲ್ಲರೂ ಡ್ರಮ್ಮಿನಲ್ಲಿ ಮುಳುಗಿಸಿ ನೀರು ಬದಲಿಸುತ್ತಾರೆ. ನಿಂತ ನೀರು ಸುಣ್ಣ ತುಂಬಿಕೊಂಡ ಮೇಲೆ ಕಲ್ಲಿನಿಂದ ಹೊಸದಾಗಿ ಏನೂ ಎಳೆಯುವುದಿಲ್ಲ. ಕೊಡಗಿನ ಮಳೆನೀರು ಮೆದು, ತುಸು ಹುಳಿ, ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ಕಕ್ಕಡ (ಜುಲೈ-ಆಗಸ್ಟಿನ ಮಳೆ ತಿಂಗಳು) ಮುಗಿಯುವಷ್ಟರಲ್ಲಿ ಕಲ್ಲಿನ ಮೇಲೆ ಹಸಿರು ಪಾಚಿ ಕೂತಿತ್ತು. ಅಷ್ಟು ಕ್ಷಾರವಿದ್ದಿದ್ದರೆ ಪಾಚಿ ಹತ್ತಿರ ಸುಳಿಯುತ್ತಿರಲಿಲ್ಲ.

ತೋಟದವರಿಗೆ ಇದೊಂದು ಗಮನದಲ್ಲಿರಲಿ. ಮಳೆಗಾಲದ ಮೊದಲು ಕಾಫಿ, ಮೆಣಸು, ಅಡಿಕೆಗೆ ಬೋರ್ಡೋ ಸಿಂಪಡಿಸುತ್ತೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಸಿಂಪಡಿಸಿದ ಗಿಡದಡಿ ಕ್ರೇಟು ಇಟ್ಟರೆ, ಅಥವಾ ದ್ರಾವಣ ಕಲಸಿದ ಡ್ರಮ್ಮನ್ನೇ ಬಳಸಿದರೆ, ಸುಣ್ಣದ ಕಲ್ಲು ತಾಮ್ರ ಹೀರಿಟ್ಟುಕೊಂಡು ಟ್ಯಾಂಕಿನಲ್ಲಿ ನಿಧಾನಕ್ಕೆ ಬಿಡುತ್ತದೆ. ಮೀನು ಹೇಗೋ ತಡೆದೀತು, ಸೀಗಡಿ, ಬಸವನಹುಳು ತಡೆಯವು. ಸತುವಿನ ಶೀಟಿನಿಂದ ಸುರಿಯುವ ನೀರೂ ಬೇಡ.

ಸೆಪ್ಟೆಂಬರ್ ಮೊದಲ ವಾರದ ನಮ್ಮ ಕೈಲ್ ಮುಹೂರ್ತ ಹಬ್ಬದ ನಂತರ ಬಿಸಿಲು ಕಂಡಾಗ ಪಾಚಿ ಉಜ್ಜಿ, ಬ್ಲೀಚ್ ನೀರಿನಲ್ಲಿ ಒಂದು ದಿನ ಇಟ್ಟು, ಚೆನ್ನಾಗಿ ತೊಳೆದು ಕಾಫಿ ಕಣದಲ್ಲಿ ಒಣಗಿಸಿದೆ. ಪಿಎಚ್ ಪರೀಕ್ಷೆ ಮಳೆನೀರಲ್ಲಿ ಮಾಡಬೇಡಿ. ಅದಕ್ಕೆ ತಡೆದುಕೊಳ್ಳುವ ಶಕ್ತಿಯಿಲ್ಲ, ಚಿಟಿಕೆ ಸುಣ್ಣಕ್ಕೂ 9 ದಾಟಿ ಸುಮ್ಮನೆ ಹೆದರಿಸುತ್ತದೆ. 1.025 ಸಾಪೇಕ್ಷ ಸಾಂದ್ರತೆಯ ಉಪ್ಪುನೀರಲ್ಲಿ 24 ಗಂಟೆ ಇಟ್ಟು ಅಳೆಯಿರಿ. 8.5ರ ಒಳಗಿದ್ದರೆ ಪಾಸು. ದಪ್ಪ ತುಂಡು ಒಂದೆರಡು ಫೇಲಾದವು, ಅವು ಮುಂದಿನ ಮಳೆಗೆ ಹೋದವು.

ಜೋಡಣೆ ಟ್ಯಾಂಕಿನೊಳಗೆ ಅಲ್ಲ, ನೆಲದ ಮೇಲೆ. ಟ್ಯಾಂಕಿನ ಅಳತೆಗೆ ಟೇಪ್ ಅಂಟಿಸಿ, ನಾಲ್ಕೂ ಕಡೆ ಒಳಗೆ 10 ಸೆಂಮೀ ಬಿಟ್ಟು ಇನ್ನೊಂದು ಗೆರೆ. ಕಲ್ಲು ಆ ಗೆರೆ ದಾಟಬಾರದು, ಇಲ್ಲದಿದ್ದರೆ ಗಾಜು ಉಜ್ಜುವ ಮ್ಯಾಗ್ನೆಟ್ ಸಿಕ್ಕಿಕೊಳ್ಳುತ್ತದೆ. ಎರಡು ದ್ವೀಪ: ಎಡಕ್ಕೆ ದೊಡ್ಡದು 14 ಕೆಜಿ, ಬಲಕ್ಕೆ ಚಿಕ್ಕದು 8. ಹಿಂದಿನ ಗಾಜಿಗೆ ಒರಗಿಸಿ ಗೋಡೆ ಕಟ್ಟುವ ಹಳೆಯ ಪದ್ಧತಿಯಲ್ಲಿ ಹಿಂಬದಿಗೆ ನೀರೇ ಹರಿಯುವುದಿಲ್ಲ. ಕಸ ಕೂತು ನೈಟ್ರೇಟ್ ಏರುತ್ತದೆ, ಕೈ ಹಾಕಿ ತೆಗೆಯಲೂ ಆಗುವುದಿಲ್ಲ.

ಮ್ಯಾಸನ್ರಿ ಬಿಟ್ಟಿನಲ್ಲಿ ಕೊರೆದು 8 ಮಿಮೀ ಅಕ್ರಿಲಿಕ್ ರಾಡು ಇಳಿಸಿ. ಸ್ಟೀಲ್ ಬೇಡ, 304 ಕೂಡ ಉಪ್ಪುನೀರಲ್ಲಿ ತುಕ್ಕು ಹಿಡಿಯುತ್ತದೆ. ಕೀಲಿಗೆ ಮೊದಲು ಸೂಪರ್ ಗ್ಲೂ ಜೆಲ್, ಮೇಲೆ ಎಪಾಕ್ಸಿ ಪುಟ್ಟಿ, ಮತ್ತೆ ಜೆಲ್. ಪುಟ್ಟಿ ಒಂದೇ ಆದರೆ ಒಂದೇ ಹೊಡೆತಕ್ಕೆ ಕಳಚುತ್ತದೆ. ಬಿರುಕಿಗೆ ತೆಳು ಗ್ಲೂ ಬಿಟ್ಟು ಮೇಲೆ ಒಣ ಚಿಪ್ಪಿನ ಪುಡಿ ಉದುರಿಸಿದರೆ ಆ ಕ್ಷಣವೇ ಗಟ್ಟಿ. ಹೊಗೆ ಬರುತ್ತದೆ, ಮುಖ ದೂರವಿರಲಿ. ಪುಡಿಯ ಜೊತೆ ಇನ್ನೂ ಒಂದನ್ನು ಬೆರೆಸುತ್ತೇನೆ, ಕಂಡುಹಿಡಿಯುವುದು ಕಷ್ಟವೇನಲ್ಲ. ಪ್ರತಿ ದ್ವೀಪ ಮೂರು ಕಾಲಿನ ಮೇಲೆ ನಿಂತು, ತುದಿಯಲ್ಲಿ ಅದುಮಿದರೂ ಅಲ್ಲಾಡಬಾರದು. ತುದಿಗೂ ನೀರಿನ ಮಟ್ಟಕ್ಕೂ 15 ಸೆಂಮೀ ಅಂತರ.

ಟ್ಯಾಂಕಿನಲ್ಲಿ ಗಾಜಿನ ಮೇಲೆ ತೆಳು ಅಕ್ರಿಲಿಕ್ ಹಾಳೆ, ಅದರ ಮೇಲೆ ಕಲ್ಲು, ಮರಳು ಕೊನೆಗೆ, 4 ಸೆಂಮೀ. ಮರಳಿನ ಮೇಲೆ ಕಲ್ಲಿಟ್ಟವರ ದ್ವೀಪವನ್ನು ಗೋಬಿ ಮೀನು, ಪಿಸ್ತೂಲ್ ಸೀಗಡಿ ಬುಡ ತೋಡಿ ಕೆಡವುತ್ತವೆ. ವೇವ್ ಪಂಪ್ ಬಲಗಡೆ, ಚಿಕ್ಕ ದ್ವೀಪದ ಮೇಲಿಂದ ಹಾದು ದೊಡ್ಡದರ ಕಮಾನಿನೊಳಗೆ ನುಗ್ಗುವಂತೆ. ಗಂಟೆಗೆ ಒಟ್ಟು ನೀರಿನ ಇಪ್ಪತ್ತೈದು ಪಟ್ಟು ಓಡಿಸುತ್ತೇನೆ.

ಇಲ್ಲಿ ನೀರು ತಂಪು ಮಾಡುವ ಚಿಲ್ಲರ್ ಖರ್ಚಿಲ್ಲ, ಬೆಂಗಳೂರಿನವರು ಹೊಟ್ಟೆ ಉರಿದುಕೊಳ್ಳಲಿ. ಆದರೆ ಹೀಟರ್ 300 ವಾಟ್ ಬೇಕು. ಸೈಕಲ್ ಮಾಡುವಾಗ, ಅಂದರೆ ಅಮೋನಿಯ ಕರಗಿಸುವ ಬ್ಯಾಕ್ಟೀರಿಯಾ ಬೆಳೆಸುವಾಗ, 27 ಡಿಗ್ರಿಯ ಆಸುಪಾಸು ಇಡಬೇಕು, ತಂಪಾದಷ್ಟೂ ಅವು ತೂಕಡಿಸುತ್ತವೆ. ಅಮೋನಿಯ 2 ಪಿಪಿಎಂ ಹಾಕಿ, 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲು ಆರು ವಾರ ಹಿಡಿಯಿತು. ಸಿಮೆಂಟ್ ಕಲ್ಲು ಬರಡಾಗಿರುವುದರಿಂದ ಇಷ್ಟು ಸಮಯ ಬೇಕು. ಆಮೇಲೆ ಕಂದು ಡಯಾಟಮ್ ಪಾಚಿ ಬರುತ್ತದೆ, ಉಜ್ಜಲು ಹೋಗಬೇಡಿ, ಬಸವನಹುಳು ಬಿಡಿ.