ಕಪಿಕುಲೆಯಿಂದ ಕಾರ್ಸ್‌ವರೆಗೆ: ಟರ್ಕಿಯನ್ನು ಕಾರಿನಲ್ಲಿ ದಾಟಿದ ನಮ್ಮ ಅನುಭವ

ಟರ್ಕಿಗೆ ಸ್ವಂತ ಕಾರಿನಲ್ಲಿ ಹೋಗುತ್ತೇವೆ ಅಂದಾಗ ನಾವಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನ ಗೆಳೆಯರೆಲ್ಲ ಕೇಳಿದ್ದು ಇಸ್ತಾಂಬುಲ್ ಸೇತುವೆಯ ಬಗ್ಗೆ. ಈ ಕಡೆ ಯುರೋಪ್, ಆ ಕಡೆ ಏಷ್ಯಾ, ನಡುವೆ ಬಾಸ್ಫರಸ್ ಜಲಸಂಧಿ. ಆ ಸೇತುವೆಯನ್ನು ನಾವೂ ದಾಟಿದೆವು. ಆದರೆ ವಾಪಸ್ ಬರುವಾಗ, ಎಲ್ಲ ಮುಗಿದ ಮೇಲೆ. ಹೋಗುವಾಗ ಇಸ್ತಾಂಬುಲ್ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನಮಗೆ ಬೇಕಿದ್ದದ್ದು ಅದರ ಆಚೆಯ ಅನಾಟೋಲಿಯಾ, ಅಂದರೆ ಟರ್ಕಿಯ ಏಷ್ಯಾ ಭಾಗ, ಅದೂ ನಿಧಾನವಾಗಿ.

ಹೊರಟವರು ನಾನು, ನನ್ನ ಗಂಡ, ಮತ್ತೆ ದಾವಣಗೆರೆಯಿಂದ ಬಂದಿದ್ದ ನಮ್ಮಪ್ಪ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದವರು. ಮ್ಯಾಪ್ ನೋಡಿದ ತಕ್ಷಣ ಅವರು ಹಾಕಿದ ಷರತ್ತು ಒಂದೇ: "ದಿನಕ್ಕೆ ಇನ್ನೂರೈವತ್ತು ಕಿಲೋಮೀಟರ್ ಸಾಕವ್ವಾ. ಮಧ್ಯಾಹ್ನ ಮೂರರ ಮೇಲೆ ಸ್ಟೇರಿಂಗ್ ಮುಟ್ಟಬ್ಯಾಡ." ಟರ್ಕಿಯ ಒಳಗೆ ಕೊನೆಯವರೆಗೂ ಇದನ್ನು ಪಾಲಿಸಿದೆವು. ಪ್ರವಾಸ ಚೆನ್ನಾಗಿ ಆಗಿದ್ದಕ್ಕೆ ಮುಖ್ಯ ಕಾರಣ ಇದೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೊದಲು ಕಾಗದಪತ್ರ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕಂದ್ರೆ ಕೆಲಸ ಇರುವುದೇ ಇಲ್ಲಿ.

ಭಾರತದ ಪಾಸ್‌ಪೋರ್ಟ್ ಇದ್ದವರ ಹತ್ತಿರ ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಸಿಗುವ ಒಂದೇ ವೀಸಾ) ಅಥವಾ ಆ ದೇಶಗಳ ವಾಸದ ಪರವಾನಗಿ ಇದ್ದರೆ ಟರ್ಕಿಯ ಇ-ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. 30 ದಿನ, ಒಂದೇ ಪ್ರವೇಶ. ಆ 'ಒಂದೇ ಪ್ರವೇಶ' ಮುಖ್ಯ. ಪಕ್ಕದ ಜಾರ್ಜಿಯಾಕ್ಕೆ ಸುಮ್ನೆ ಹೋಗಿ ಬರೋಣ ಅಂದ್ರೆ, ಟರ್ಕಿಗೆ ಮರಳಲು ಹೊಸ ವೀಸಾ ಬೇಕು. ಹಾಗಾಗಿ ಜಾರ್ಜಿಯಾ ಕೈಬಿಟ್ಟೆವು. ಅಪ್ಪನದು ವಿಸಿಟರ್ ವೀಸಾ. ಟರ್ಕಿಗೆ ಹೋಗಿ ಮತ್ತೆ ಜರ್ಮನಿಗೆ ಬರಬೇಕಲ್ವಾ? ಅದಕ್ಕೆ ಅವರ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಲೇಬೇಕು. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಇಂಥ ಪ್ರವಾಸ ಮಾಡುವವರು ಅರ್ಜಿ ಹಾಕುವಾಗಲೇ ಇದನ್ನು ಯೋಚಿಸಿ.

ಇನ್ನು ಕಾರು. ಯುರೋಪಿನ ಕಾರಿಗೆ ಗ್ರೀನ್ ಕಾರ್ಡ್ ಅನ್ನುವ ವಿಮೆ ಪತ್ರ ಇರುತ್ತದೆ. ಅದರ ಪಟ್ಟಿಯಲ್ಲಿ 'ಟಿಆರ್' ಅನ್ನುವ ಎರಡಕ್ಷರವನ್ನು ಗೀಟು ಹೊಡೆದಿರಬಾರದು. ಇಷ್ಟಕ್ಕೇ ನಿಲ್ಲಬೇಡಿ. ಎಷ್ಟೋ ಪಾಲಿಸಿಗಳು ಟರ್ಕಿಯ ಯುರೋಪ್ ಭಾಗಕ್ಕೆ ಮಾತ್ರ ಅನ್ವಯಿಸುತ್ತವೆ, ಅದರಲ್ಲೂ ನಮ್ಮ ಸ್ವಂತ ಕಾರಿನ ಹಾನಿಗೆ ಸಿಗುವ ವಿಮೆ. ಬಾಸ್ಫರಸ್ ಅಥವಾ ಡಾರ್ಡನೆಲ್ಸ್ ಜಲಸಂಧಿ ದಾಟಿದ ಕೂಡಲೇ ಅದು ಕೆಲಸಕ್ಕೆ ಬರುವುದಿಲ್ಲ. ಎರಡು ಖಂಡಗಳ ನಡುವಿನ ಗೆರೆ ನಿಜವಾಗಿ ನಮ್ಮ ಕೈಗೆ ಸಿಕ್ಕಿದ್ದು ಇಲ್ಲಿ, ವಿಮೆಯ ಷರತ್ತುಗಳ ಸಣ್ಣಕ್ಷರದಲ್ಲಿ. ನಾನು ಕಂಪನಿಗೆ ಪತ್ರ ಬರೆದು, ಏಷ್ಯಾ ಭಾಗವೂ ಸೇರಿದೆ ಎಂದು ಬರಹದಲ್ಲಿ ತರಿಸಿಕೊಂಡೆ. ಫೋನಿನಲ್ಲಿ ಹೇಳಿದ್ದು ಸಾಲದು.

ಕಾರು ಯಾರ ಹೆಸರಲ್ಲಿದೆಯೋ ಅವರೇ ಓಡಿಸಿಕೊಂಡು ಗಡಿ ದಾಟಿದರೆ ಸುಲಭ. ಬೇರೆಯವರ ಕಾರಾದರೆ ನೋಟರಿ ಮಾಡಿಸಿದ ಅಧಿಕಾರಪತ್ರ ಬೇಕು. ಒಳಗೆ ಬಂದಾಗ ಕಾರನ್ನು ತಂದವರ ಹೆಸರಿಗೆ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಆಮೇಲೆ ಆ ವ್ಯಕ್ತಿ ಕಾರು ಬಿಟ್ಟು ವಿಮಾನದಲ್ಲಿ ದೇಶ ಬಿಡುವ ಹಾಗಿಲ್ಲ. ತುರ್ತು ಬಂದರೆ ಕಾರನ್ನು ಕಸ್ಟಮ್ಸ್ ವಶಕ್ಕೆ ಒಪ್ಪಿಸಿ ಹೋಗಬೇಕು. ನಮ್ಮಲ್ಲಿ ಕಾರು ನನ್ನ ಹೆಸರಿನದು. ಹಾಗಾಗಿ ಏನಾದರೂ ಆದರೆ ಅಪ್ಪನ ಜೊತೆ ನನ್ನ ಗಂಡ ವಿಮಾನ ಹತ್ತುವುದು, ನಾನು ಕಾರು ತರುವುದು ಅಂತ ಮೊದಲೇ ಮಾತಾಗಿತ್ತು.

ಆಸ್ಟ್ರಿಯಾ, ಹಂಗೇರಿ, ಸರ್ಬಿಯಾ, ಬಲ್ಗೇರಿಯಾ ಬೇಗ ಬೇಗ ಮುಗಿದವು. ಬಲ್ಗೇರಿಯಾದ ಕೊನೆಗೆ ಕಪಿಕುಲೆ ಗಡಿ. ಜುಲೈ, ಆಗಸ್ಟ್‌ನಲ್ಲಿ ಜರ್ಮನಿಯಲ್ಲಿರುವ ಟರ್ಕಿ ಮೂಲದವರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಡುತ್ತಾರೆ. ಆಗ ಇಲ್ಲಿ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ನಾವು ಜೂನ್ ಮೊದಲಲ್ಲೇ ಹೋಗಿದ್ದು ಅದಕ್ಕೇ. ಬೇಸಿಗೆ ರಜೆಯಲ್ಲೇ ಹೋಗಬೇಕಾದವರು ಪಕ್ಕದ ಹಮ್ಜಾಬೆಯ್ಲಿ ಗಡಿಯನ್ನು ನೋಡಬಹುದು. ಮೊದಲು ಪಾಸ್‌ಪೋರ್ಟ್ ಕಿಟಕಿ, ಆಮೇಲೆ ಕಾರಿನ ದಾಖಲೆ, ಆಮೇಲೆ ಡಿಕ್ಕಿ ತೆಗೆಸಿ ತಪಾಸಣೆ, ಕೊನೆಗೆ ಗೇಟು. ಅಧಿಕಾರಿಗೆ ಅಪ್ಪನ ಅವಲಕ್ಕಿ ಚೀಲ ಏನು ಅಂತ ಅರ್ಥವಾಗಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, ತಲೆಯಾಡಿಸಿ ಬಿಟ್ಟರು.

ಕಪಿಕುಲೆಗೆ ಇನ್ನೊಂದು ವಿಶೇಷ ಇದೆ. ಟೋಕಿಯೊದಲ್ಲಿ ಶುರುವಾಗುವ ಏಷ್ಯನ್ ಹೈವೇ 1 ಕೊರಿಯಾ, ಚೀನಾ, ಭಾರತ, ಪಾಕಿಸ್ತಾನ, ಇರಾನ್ ದಾಟಿ ಬಂದು ಮುಗಿಯುವುದು ಈ ಗಡಿಯಲ್ಲೇ. ಅದು ದೆಹಲಿ, ಕಾನ್ಪುರದ ಮೇಲೆ ಹೋಗುತ್ತದೆ. ಅದೇ ಜಾಲದ 47ನೇ ಹೆದ್ದಾರಿ ಗ್ವಾಲಿಯರ್‌ನಿಂದ ಬೆಂಗಳೂರಿಗೆ ಬರುತ್ತದೆ. ಅಪ್ಪ ಎಷ್ಟೋ ವರ್ಷ ಬಸ್ ಓಡಿಸಿದ ದಾವಣಗೆರೆ–ತುಮಕೂರು ರಸ್ತೆ ಅದರ ಭಾಗ. ಇದನ್ನು ಹೇಳಿದಾಗ ಅಪ್ಪ ಕಾರಿಂದ ಇಳಿದು ರಸ್ತೆಯನ್ನೇ ಸ್ವಲ್ಪ ಹೊತ್ತು ನೋಡಿದರು.

ಎದಿರ್ನೆಯಲ್ಲಿ ಉಳಿದೆವು. ವಾಸ್ತುಶಿಲ್ಪಿ ಸಿನಾನ್ ಕಟ್ಟಿ 1575ರಲ್ಲಿ ಮುಗಿದ ಸೆಲಿಮಿಯೆ ಮಸೀದಿ ಇರುವುದು ಇಲ್ಲಿ. ಇಸ್ತಾಂಬುಲ್ ಕಡೆ ಓಡುವವರು ಈ ಊರನ್ನು ಬಿಟ್ಟೇ ಹೋಗುತ್ತಾರೆ. ಹಾಗೆ ಮಾಡಬೇಡಿ.

ಅಲ್ಲಿಂದ ದಕ್ಷಿಣಕ್ಕೆ ಗ್ಯಾಲಿಪೊಲಿ ಪರ್ಯಾಯ ದ್ವೀಪ. 1915ರಲ್ಲಿ, ಮೊದಲನೇ ಮಹಾಯುದ್ಧದ ಸಮಯದಲ್ಲಿ, ಬ್ರಿಟಿಷರ ಪರವಾಗಿ ಬಂದ ಭಾರತದ ಸೈನಿಕರೂ ಇಲ್ಲಿ ಸತ್ತಿದ್ದಾರೆ, ಸಿಖ್ಖರು, ಗೂರ್ಖಾಗಳು, ಸರಕು ಹೊರುವ ಹೇಸರಗತ್ತೆಗಳನ್ನು ನಡೆಸುವವರು. ತುದಿಯಲ್ಲಿರುವ ಹೆಲೆಸ್ ಸ್ಮಾರಕದ ಮೇಲೆ ಕೆತ್ತಿರುವ 20 ಸಾವಿರಕ್ಕೂ ಹೆಚ್ಚು ಹೆಸರುಗಳಲ್ಲಿ ಅವರವೂ ಇವೆ. ಸ್ಮಾರಕದ ಸುತ್ತ ನಿಧಾನವಾಗಿ ಓದುತ್ತಾ ಹೋದರೆ ಸಿಗುತ್ತವೆ.

ಇಲ್ಲಿ ಡಾರ್ಡನೆಲ್ಸ್ ದಾಟಿ ಏಷ್ಯಾಕ್ಕೆ ಹೋಗಲು ಎರಡು ದಾರಿ. ಒಂದು 2022ರ ಮಾರ್ಚ್ 18ರಂದು ತೆರೆದ 1915 ಚನಾಕ್ಕಲೆ ಸೇತುವೆ. ಎರಡು ಗೋಪುರಗಳ ನಡುವಿನ ಅಂತರ 2,023 ಮೀಟರ್, ಕಟ್ಟಿದಾಗ ತೂಗುಸೇತುವೆಗಳಲ್ಲೇ ಜಗತ್ತಿನಲ್ಲಿ ಅತಿ ಉದ್ದ. ನಿಮಿಷಗಳಲ್ಲಿ ದಾಟಬಹುದು, ಟೋಲ್ ಜಾಸ್ತಿ. ಇನ್ನೊಂದು ಎಜೆಆಬಾತ್‌ನಿಂದ ಚನಾಕ್ಕಲೆಗೆ ಹೋಗುವ ಕಾರ್ ಫೆರಿ. ಅರ್ಧ ಗಂಟೆ ಸಾಕು. ನನ್ನ ಮಾತು ಕೇಳುವುದಾದರೆ ಹೋಗುವಾಗ ಫೆರಿಯಲ್ಲೇ ಹೋಗಿ. ಕಾರು ನಿಲ್ಲಿಸಿ, ಮೇಲೆ ಹತ್ತಿ, ಸಣ್ಣ ಗಾಜಿನ ಲೋಟದಲ್ಲಿ ಚಹಾ ಹಿಡಿದುಕೊಂಡು ಕಟಕಟೆ ಹತ್ತಿರ ನಿಂತರೆ ಎರಡೂ ಖಂಡ ಒಟ್ಟಿಗೆ ಕಾಣುತ್ತವೆ. ಸೇತುವೆಯ ಮೇಲೆ ನಿಲ್ಲಿಸಲಿಕ್ಕೇ ಬಿಡುವುದಿಲ್ಲ.

ಆ ದಡದಿಂದ ಬಾಳಿಕೆಸಿರ್, ಕುತಾಹ್ಯಾ, ಅಫ್ಯೋನ್ ಮೇಲೆ ಕೊನ್ಯಾಕ್ಕೆ. ಟರ್ಕಿಯ ರಸ್ತೆಗಳ ಬಗ್ಗೆ ಇಲ್ಲಿ ಹೇಳಿಬಿಡುತ್ತೇನೆ. ಟೋಲ್ ಇರುವ ಹೆದ್ದಾರಿಗೆ ಎಚ್‌ಜಿಎಸ್ ಸ್ಟಿಕ್ಕರ್ ಬೇಕು, ನಮ್ಮ ಫಾಸ್ಟ್‌ಟ್ಯಾಗ್ ಇದ್ದ ಹಾಗೆ. ಅಲ್ಲಿನ ಅಂಚೆ ಕಚೇರಿಯಾದ ಪಿಟಿಟಿಯಲ್ಲಿ ಸಿಗುತ್ತದೆ. ನಾವು ಜಾಸ್ತಿ ಓಡಾಡಿದ್ದು ಟೋಲ್ ಇಲ್ಲದ, 'ಡಿ' ಅಕ್ಷರದ ರಸ್ತೆಗಳಲ್ಲಿ. ಹೆಚ್ಚಿನವು ಅಗಲವಾದ ಜೋಡಿ ರಸ್ತೆಗಳು. ಆದರೆ ಒಳನಾಡಿನಲ್ಲಿ ಎಷ್ಟೋ ಕಡೆ ಡಾಂಬರು ಎರಚಿ ಮೇಲೆ ಜಲ್ಲಿ ಹರಡಿ ಬಿಟ್ಟಿರುತ್ತಾರೆ, ಓಡಾಡುವ ಗಾಡಿಗಳೇ ಅದನ್ನು ಗಟ್ಟಿ ಮಾಡಬೇಕು. ಅಪ್ಪ ದೂರದಿಂದಲೇ ರಸ್ತೆಯ ಬಣ್ಣ ನೋಡಿ "ಜಲ್ಲಿ ಐತಿ, ಲಾರಿ ಹಿಂದೆ ಹತ್ತಿರ ಹೋಗಬ್ಯಾಡ" ಅನ್ನುತ್ತಿದ್ದರು. ಅಂಥ ಕಡೆ ಮುಂದಿನ ಗಾಡಿಯಿಂದ ದೂರ ಇರಬೇಕು, ಎದುರಿಂದ ಲಾರಿ ಬಂದರೆ ವೇಗ ಇಳಿಸಬೇಕು. ಇಷ್ಟೆಲ್ಲ ಮಾಡಿದರೂ ಸಿವಾಸ್ ಹತ್ತಿರ ಒಂದು ಕಲ್ಲು ಮುಂದಿನ ಗಾಜಿಗೆ ಬಡಿಯಿತು. ಅದರ ಕಥೆ ಆಮೇಲೆ.

ಪೆಟ್ರೋಲ್ ಬಂಕಿನಲ್ಲಿ ಹುಡುಗರೇ ಬಂದು ತುಂಬುತ್ತಾರೆ. ಮೊದಲು ಕಾರಿನ ನಂಬರ್ ಪಂಪಿನಲ್ಲಿ ಒತ್ತುತ್ತಾರೆ, ಗಾಬರಿಯಾಗಬೇಡಿ, ಅದು ಅಲ್ಲಿನ ಪದ್ಧತಿ. ಎಷ್ಟೋ ಕಡೆ ಚಹಾ ಕೊಟ್ಟರು. ಕೊಟ್ಟಾಗ ಕೂತು ಕುಡಿಯಿರಿ. ಊಟಕ್ಕೆ ನಮ್ಮಂಥ ಸಸ್ಯಾಹಾರಿಗಳಿಗೆ ಕೆಂಪು ಬೇಳೆಯ ಸಾರು, ಚೀಸ್ ಅಥವಾ ಸೊಪ್ಪು ತುಂಬಿದ ಗ್ಯೋಜ್‌ಲೆಮೆ ರೊಟ್ಟಿ, ಬುಲ್ಗುರ್ ಸಿಗುತ್ತವೆ. ಸಾರಿಗೆ ಮಾಂಸದ ನೀರು ಹಾಕಿರಬಹುದು, ಕೇಳಿಕೊಳ್ಳಬೇಕು. 'ಎತ್ಸಿಜ್' ಅಂದರೆ ಮಾಂಸ ಬೇಡ ಅಂತ ಗೊತ್ತಾಗುತ್ತದೆ. ಆಯ್ರಾನ್ ಎಲ್ಲ ಕಡೆ ಇದೆ, ಉಪ್ಪು ಹಾಕಿದ ಮಜ್ಜಿಗೆ. ಅಪ್ಪ ಊಟ ಮುಗಿಸುತ್ತಿದ್ದದ್ದೇ ಅದರಲ್ಲಿ.

ಕೊನ್ಯಾದಿಂದ ಅಕ್ಸರಾಯ್ ಕಡೆ ಹೋಗುವ ರಸ್ತೆ ಈ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದದ್ದು. ಆಗ ಈ ಭಾಗವನ್ನು ಆಳುತ್ತಿದ್ದ ಸೆಲ್ಜುಕ್ ಸುಲ್ತಾನರು 13ನೇ ಶತಮಾನದಲ್ಲಿ ವ್ಯಾಪಾರದ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು. ಒಂದರಿಂದ ಇನ್ನೊಂದಕ್ಕೆ ಸುಮಾರು 30–40 ಕಿ.ಮೀ., ಅಂದರೆ ಒಂಟೆ ಸಾಲು ಒಂದು ದಿನಕ್ಕೆ ನಡೆಯುವಷ್ಟು. ಬಂದ ವ್ಯಾಪಾರಿಗೆ ಮೂರು ದಿನ ಊಟ, ವಸತಿ, ಪ್ರಾಣಿಗಳಿಗೆ ಮೇವು, ಎಲ್ಲ ಉಚಿತ. ಇವುಗಳಲ್ಲಿ ದೊಡ್ಡದು ಸುಲ್ತಾನ್‌ಹಾನಿ, ಅಲಾವುದ್ದೀನ್ ಕೈಕುಬಾದ್ 1229ರಲ್ಲಿ ಕಟ್ಟಿಸಿದ್ದು. ಹೊರಗಿನಿಂದ ಕೋಟೆಯ ಗೋಡೆ. ಬಾಗಿಲಿಗೆ ಮಾತ್ರ ಅಮೃತಶಿಲೆಯ ಕೆತ್ತನೆ, ಮೇಲೆ ಜೇನುಗೂಡಿನಂತೆ ಇಳಿಬಿದ್ದ ಕಲ್ಲಿನ ಸಾಲುಗಳು. ಒಳಗೆ ಅಂಗಳ, ನಡುವೆ ನಾಲ್ಕು ಕಮಾನುಗಳ ಮೇಲೆ ಎತ್ತಿ ನಿಲ್ಲಿಸಿದ ಪುಟ್ಟ ಮಸೀದಿ. ಹಿಂದೆ ಚಳಿಗಾಲದ ಹಜಾರ. ಅದರೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತು ಹೋಗುತ್ತದೆ. ಸಾಲು ಸಾಲು ದಪ್ಪ ಕಂಬ, ಗೋಡೆಯ ಮೇಲೆ ಸೀಳಿನಂಥ ಕಿಟಕಿ, ನಡುವಿನ ಗುಮ್ಮಟದಿಂದ ಬೀಳುವ ಬೆಳಕು. ಅಪ್ಪ ಕಂಬಗಳ ಅಂತರವನ್ನು ಹೆಜ್ಜೆ ಹಾಕಿ ಅಳೆದರು. ಸರಕು ಇಳಿಸುವುದು ಎಲ್ಲಿ, ಪ್ರಾಣಿ ಕಟ್ಟುವುದು ಎಲ್ಲಿ, ಒಳಬರುವ ಮತ್ತು ಹೊರಹೋಗುವ ಸಾಲು ಅಡ್ಡ ಬರದಂತೆ ಏನು ಮಾಡಿರಬಹುದು ಅಂತ ಡಿಪೋ ನೋಡಿದವರ ಕಣ್ಣಲ್ಲಿ ನೋಡುತ್ತಾ ಹೋದರು. ಅವರ ಜೊತೆ ನೋಡಿದ್ದರಿಂದ ನನಗೆ ಅದು ಬರೀ ಹಳೆ ಕಟ್ಟಡ ಅನ್ನಿಸಲಿಲ್ಲ. ಅಕ್ಸರಾಯ್ ದಾಟಿ ಮುಂದಿರುವ ಅಗ್ಜಿಕರಹಾನ್ ಕೂಡ ನೋಡಿ, ಅಲ್ಲಿ ಜನ ಕಡಿಮೆ.

ಮುಂದೆ ಸಿಗುವ, ವಿಚಿತ್ರ ಕಲ್ಲುಗಂಬಗಳಿಗೆ ಹೆಸರಾದ ಕಪಡೋಕಿಯಾದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ.

ಸಿವಾಸ್‌ನಲ್ಲಿ ಗಾಜಿನ ಕಥೆ. ಟರ್ಕಿಯ ಪ್ರತಿ ಪಟ್ಟಣದ ಅಂಚಿಗೆ 'ಸನಾಯಿ' ಅನ್ನುವ ಜಾಗ ಇರುತ್ತದೆ. ಬೀದಿ ತುಂಬಾ ಗ್ಯಾರೇಜು: ಒಬ್ಬರು ಬರೀ ಸೈಲೆನ್ಸರ್, ಒಬ್ಬರು ಬರೀ ರೇಡಿಯೇಟರ್, ಒಬ್ಬರು ಗಾಜು. ಕಾರಿಗೆ ಏನೇ ಆದರೂ ಸೀದಾ ಅಲ್ಲಿಗೆ ಹೋಗಿ. ಮೆಕ್ಯಾನಿಕ್‌ಗೆ ಎಲ್ಲರೂ 'ಉಸ್ತಾ' ಅನ್ನುತ್ತಾರೆ. ನಮ್ಮ ಉಸ್ತಾ ಕಲ್ಲೇಟನ್ನು ಬೆರಳಿನಿಂದ ಸವರಿ, ಸೂಜಿಯಲ್ಲಿ ಒಳಗಿನ ಧೂಳು ತೆಗೆದರು. ಗಾಜಿಗೆ ಅಂಟಿಕೊಳ್ಳುವ ಒಂದು ರಬ್ಬರ್ ಬಟ್ಟಲು, ಅದರ ನಡುವೆ ತಿರುಪು ಇರುವ ಸಣ್ಣ ನಳಿಗೆ. ಅದರೊಳಗೆ ಎರಡು ಮೂರು ಹನಿ ರಾಳ ಬಿಟ್ಟು, ತಿರುಪು ಒಂದಿಷ್ಟು ಬಿಗಿದು, ಸಡಿಲಿಸಿ, ಮತ್ತೆ ಬಿಗಿದರು. ಬಿರುಕಿನ ಕಾಲುಗಳು ಒಂದೊಂದಾಗಿ ಮಾಯವಾಗುತ್ತಾ ಬಂದವು. ಮೇಲೆ ಪ್ಲಾಸ್ಟಿಕ್ ಚೂರು ಅಂಟಿಸಿ, ನೇರಳೆ ದೀಪ ಹಿಡಿದು ಗಟ್ಟಿ ಮಾಡಿ, ಬ್ಲೇಡಿನಿಂದ ಕೆರೆದು ಸಮ ಮಾಡಿದರು. ಅಪ್ಪ "ಮೇಸ್ತ್ರಿ" ಅಂತ ಕರೆಯುತ್ತಿದ್ದರು, ಅವರು ಅಪ್ಪನನ್ನು "ಅಮ್ಜಾ", ಚಿಕ್ಕಪ್ಪ ಅಂತ. ಇಬ್ಬರಿಗೂ ಒಂದು ಸಾಮಾನ್ಯ ಭಾಷೆ ಇಲ್ಲ, ಆದರೂ ಗೇರ್ ಬಾಕ್ಸ್ ವಿಷಯ ಅರ್ಧ ಗಂಟೆ ನಡೆಯಿತು. ಜರ್ಮನಿಯಲ್ಲಿ ಕೊಡುವುದಕ್ಕಿಂತ ತುಂಬಾ ಕಡಿಮೆ ಹಣ ತೆಗೆದುಕೊಂಡರು. ಮೇಲೆ ಚಹಾ ಬೇರೆ ಕೊಟ್ಟರು.

ಸಿವಾಸ್ ಆದ ಮೇಲೆ ದೇಶ ಬದಲಾದಂತೆ ಅನ್ನಿಸುತ್ತದೆ. ರಸ್ತೆ 2,000 ಮೀಟರ್‌ಗೂ ಎತ್ತರದ ಘಟ್ಟದ ದಾರಿಗಳನ್ನು ಹತ್ತಿ ಇಳಿಯುತ್ತದೆ. ಎರ್ಜಿಂಜಾನ್‌ನಿಂದ ಎರ್ಜುರುಮ್‌ವರೆಗೆ ಪಕ್ಕದಲ್ಲೇ ಕರಸು ಹೊಳೆ, ಯೂಫ್ರೆಟಿಸ್ ನದಿಯ ಎರಡು ಮೂಲಗಳಲ್ಲಿ ಒಂದು. ಎರ್ಜುರುಮ್ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಜೂನ್‌ನಲ್ಲೂ ರಾತ್ರಿ ಸ್ವೆಟರ್ ಬೇಕಾಯಿತು. ಇಲ್ಲಿ ಬಂಕುಗಳ ನಡುವೆ ದೂರ ಜಾಸ್ತಿ, ಅರ್ಧ ಟ್ಯಾಂಕ್ ಆದಾಗಲೇ ತುಂಬಿಸುತ್ತಿದ್ದೆವು. ದಾರಿಯಲ್ಲಿ ಜಂಡರ್ಮಾ ಪೊಲೀಸರು ನಿಲ್ಲಿಸಿ ಪಾಸ್‌ಪೋರ್ಟ್ ನೋಡುತ್ತಾರೆ. ಕಾರಿನ ಪುಸ್ತಕ, ಗ್ರೀನ್ ಕಾರ್ಡ್ ಕೈಗೆ ಸಿಗುವಲ್ಲೇ ಇಡಿ.

ಕಾರ್ಸ್ ಪಟ್ಟಣದ ಹತ್ತಿರದ ಪಾಳುಬಿದ್ದ ನಗರ ಆನಿ ನಮ್ಮ ಪ್ರವಾಸದ ಪೂರ್ವದ ಕೊನೆ. ಸಾವಿರ ವರ್ಷದ ಹಿಂದೆ ಇದು ಅರ್ಮೇನಿಯನ್ ರಾಜಧಾನಿ. 1001ರಲ್ಲಿ ಮುಗಿದ ಕೆಥೆಡ್ರಲ್ ಇನ್ನೂ ನಿಂತಿದೆ, ಗುಮ್ಮಟ ಇಲ್ಲ. ಕೆಳಗೆ ಹೊಳೆ, ಅದರ ಆಚೆ ದಡ ಅರ್ಮೇನಿಯಾ. ಹೊಳೆಗೆ ಕಟ್ಟಿದ್ದ ಹಳೆಯ ಸೇತುವೆಯ ಎರಡು ಬುಡ ಮಾತ್ರ ಉಳಿದಿವೆ. ಒಂದು ಕಾಲಕ್ಕೆ ರೇಷ್ಮೆ ಸರಕು ಹೋಗಿ ಬರುತ್ತಿದ್ದ ದಾರಿ ಇದು. ಎರಡು ದೇಶಗಳ ನಡುವಿನ ರಸ್ತೆ ಗಡಿ ಮುಚ್ಚಿದ್ದು 1993ರಲ್ಲಿ. ಇಷ್ಟು ದೂರ ಬಂದು ಎದುರಿಗೆ ಕಾಣುವ ದಡಕ್ಕೆ ಹೋಗಲಾಗದೆ ತಿರುಗುವುದು ನನಗೆ ನೋವು ಕೊಟ್ಟಿತು. ಗಡಿಗಳು ತೆರೆದಿರಬೇಕು.

ವಾಪಸ್ ಬರುವಾಗ ಬೇರೆ ದಾರಿ. ಎರ್ಜುರುಮ್‌ನಿಂದ ಇಸ್ಪಿರ್ ಮೇಲೆ 2018ರಲ್ಲಿ ತೆರೆದ, 14 ಕಿ.ಮೀ.ಗೂ ಉದ್ದದ ಒವಿತ್ ಸುರಂಗ. ಒಳಗೆ ಹೋಗುವಾಗ ಬೋಳು ಬೆಟ್ಟ, ಹೊರಗೆ ಬಂದು ಇಳಿಯುತ್ತಾ ಹೋದಂತೆ ಹಸಿರು, ಮಂಜು, ರಿಜೆಯ ಚಹಾ ತೋಟ. ಅಲ್ಲಿಂದ ಕಪ್ಪು ಸಮುದ್ರದ ಪಕ್ಕದಲ್ಲೇ ತ್ರಾಬ್ಜೋನ್, ಸಾಮ್ಸುನ್. ಕರಾವಳಿ ರಸ್ತೆ ಚೆನ್ನಾಗಿದೆ, ಆದರೆ ಪಟ್ಟಣದ ಒಳಗೇ ಹಾದು ಹೋಗುವುದರಿಂದ ಸಿಗ್ನಲ್ ಜಾಸ್ತಿ.

ಇಸ್ತಾಂಬುಲನ್ನು ಭಾನುವಾರ ಬೆಳಗ್ಗೆ ಬೇಗ ದಾಟಿದೆವು. ಬಾಸ್ಫರಸ್ ಮೇಲೆ 1973, 1988, 2016ರಲ್ಲಿ ತೆರೆದ ಮೂರು ಸೇತುವೆಗಳಿವೆ, ಕಾರಿಗಾದರೆ ನೀರಿನಡಿಯ ಸುರಂಗವೂ ಇದೆ. ಊರೊಳಗಿನ ದಟ್ಟಣೆ ಬೇಡ ಅನ್ನುವವರಿಗೆ ಉತ್ತರದ ಮೂರನೆಯದು, ಯಾವುಜ್ ಸುಲ್ತಾನ್ ಸೆಲಿಮ್, ಸರಿ. ಲಾರಿಗಳೆಲ್ಲ ಅಲ್ಲೇ ಹೋಗುತ್ತವೆ. ನಾವು ಅಪ್ಪನಿಗಾಗಿ 1973ರ ಮೊದಲ ಸೇತುವೆಯನ್ನೇ ಹಿಡಿದೆವು. ಯುರೋಪಿಗೆ ಸ್ವಾಗತ ಅನ್ನುವ ಬೋರ್ಡ್ ಅಲ್ಲಿದೆ.

ದೇಶ ಬಿಡುವ ಮುಂಚೆ ಎದಿರ್ನೆಯ ಪಿಟಿಟಿಗೆ ಹೋಗಿ ಟೋಲ್ ಬಾಕಿ ಏನಾದರೂ ಇದೆಯಾ ಅಂತ ನೋಡಿಸಿ, ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಸ್ಟಿಕ್ಕರ್‌ನಲ್ಲಿ ಹಣ ಮುಗಿದರೂ ಗೇಟು ದಾಟಿ ಹೋಗಿಬಿಟ್ಟಿರುತ್ತೀರಿ, ಬಾಕಿ ಆಮೇಲೆ ಕಾಣುತ್ತದೆ. ಮಾಂಸ, ಚೀಸ್, ಹಾಲಿನ ಪದಾರ್ಥ ಬಲ್ಗೇರಿಯಾದೊಳಗೆ ಬಿಡುವುದಿಲ್ಲ, ಅದನ್ನೆಲ್ಲ ಮೊದಲೇ ತಿಂದು ಮುಗಿಸಿ. ಕಪಿಕುಲೆಯಲ್ಲಿ ಕಾರನ್ನು ನಿಮ್ಮ ಹೆಸರಿಂದ ತೆಗೆದು ಹಾಕಿದರಾ ಅಂತ ಕಿಟಕಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.